ಹೊಸ್ತಿಲ ಮೇಲಿನ ಬಿಳಿ ಗೆರೆ



ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಜನ ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದರು. ಗವಿಮಠದ ಸ್ವಾಮಿಗಳೂ ಜನರೊಡನೆ ನಿಂತರು. ಗಿಣಿಗೇರಿಯ ಸುತ್ತಲಿನ ಹೊಲಗಳ ಮೇಲೆ ಕೂರುವ ಕಪ್ಪು ಧೂಳನ್ನು ಕಣ್ಣಾರೆ ಕಂಡವರಿಗೆ ಆ ಸಿಟ್ಟಿನ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂಥ ಮೆರವಣಿಗೆಗಳಲ್ಲಿ ಘೋಷಣೆ ಕೂಗಿ ಮನೆಗೆ ಮರಳುವ ನಮ್ಮಲ್ಲಿ ಎಷ್ಟು ಮಂದಿ, ಅದೇ ಸಂಜೆ ಅಡುಗೆಮನೆಯ ಗೋಡೆಯ ಬುಡದಲ್ಲಿ ಇರುವೆಯ ಸಾಲು ಕಂಡೊಡನೆ ಬಿಳಿಯ ಪುಡಿಯ ಡಬ್ಬಿಗೆ ಕೈ ಹಾಕುತ್ತೇವೆ? ಕಾರ್ಖಾನೆಯ ಧೂಳನ್ನು ಯಾರೋ ನಮ್ಮ ಮೇಲೆ ಸುರಿಯುತ್ತಾರೆ. ಈ ಧೂಳನ್ನು ನಾವೇ ದುಡ್ಡು ಕೊಟ್ಟು ತಂದು, ರಂಗೋಲಿ ಹಾಕುವ ಹೊಸ್ತಿಲಿನ ಮೇಲೆ, ಮಕ್ಕಳು ಅಂಬೆಗಾಲಿಡುವ ನೆಲದ ಮೇಲೆ ನಮ್ಮ ಕೈಯಾರೆ ಎಳೆಯುತ್ತೇವೆ.

ಗಣಿ, ಅಣೆಕಟ್ಟು, ನೀಲಗಿರಿ ನೆಡುತೋಪುಗಳ ವಿಚಾರ ಬರೆಯುವ ಈ ಪುಟಗಳಲ್ಲಿ ಇರುವೆಗೆ ಇಷ್ಟು ಜಾಗವೇಕೆ ಎಂದು ಕೆಲವರು ಹುಬ್ಬೇರಿಸಬಹುದು. 2009ರ ಬೇಸಿಗೆಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಆ ವರ್ಷ ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದ ನಿಂಬೆಗಿಡದ ಬುಡಕ್ಕೆ ಕೆಂಪಿರುವೆಗಳು ಮನೆಮಾಡಿದ್ದವು. ನೀರು ಹಾಕಲು ಹೋದವರ ಕಾಲಿಗೆ ಮುತ್ತುತ್ತಿದ್ದವು. ನಾಲ್ಕು ವರ್ಷದ ಮಗಳ ಪಾದ ಬಾತು ಎರಡು ದಿನ ಅವಳು ನಡೆಯದಂತಾದಾಗ ನನ್ನ ತಾಳ್ಮೆ ಮುಗಿಯಿತು. ವಾರದ ಸಂತೆಗೆ ಹೋದೆ. ಅಂಗಡಿಯಾತ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ರೂಪಾಯಿಯದು ಬೇಕೆಂದು. ಗಂಗಾವತಿ ಕಡೆಯ ಭತ್ತದ ಗದ್ದೆಗಳಿಗೆ ಕಾಂಡಕೊರಕ ಹುಳುವಿಗೆಂದು ಎರಚುವ ಮರಳಿನಂಥ ಗುಳಿಗೆಯನ್ನು ದೊಡ್ಡ ಚೀಲದಿಂದ ಬರಿಗೈಯಲ್ಲಿ ತೆಗೆದು, ಹಳೆಯ ವೃತ್ತಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿಕೊಟ್ಟ. "ಏನೂ ಆಗಂಗಿಲ್ರೀ, ಹೊಲಕ್ಕ ಹಾಕೂದ ಐತಿ. ಇರುವಿ ಒಂದೂ ಉಳಿಯಂಗಿಲ್ಲ ನೋಡ್ರಿ" ಎಂದ. ಪೊಟ್ಟಣದ ಮೇಲೆ ಹೆಸರಿಲ್ಲ, ಬಣ್ಣದ ಗುರುತಿಲ್ಲ, ಎಚ್ಚರಿಕೆಯ ಒಂದು ಸಾಲಿಲ್ಲ.

ಸಂಜೆ ಗಿಡದ ಸುತ್ತ ಉದುರಿಸಿದೆ. ಉಳಿದದ್ದನ್ನು ಅಡುಗೆಮನೆಯ ಮಾಡದಲ್ಲಿಟ್ಟೆ. ಬೆಳಗಿನ ಜಾವಕ್ಕೆ ಮೂರು ಕೋಳಿಗಳು ಕಾಲು ಸೆಟೆದು ಬಿದ್ದಿದ್ದವು. ಮಧ್ಯಾಹ್ನದ ಹೊತ್ತಿಗೆ ಬೇಲಿಯ ಬಳಿ ಒಂದು ಕಾಗೆ. ನನ್ನ ತಾಯಿ ಕೋಳಿಗಳನ್ನು ನೋಡಿ, ಗಿಡದ ಬುಡ ನೋಡಿ, "ಏನ್ ಹಾಕಿದ್ಯೋ ತಮ್ಮಾ?" ಎಂದು ಕೇಳಿದಳು. ಉತ್ತರ ಕೊಡುವುದಕ್ಕೆ ಮೊದಲೇ ನನಗೆ ಮಾಡದಲ್ಲಿಟ್ಟ ಪೊಟ್ಟಣದ ನೆನಪಾಯಿತು. ಅದರ ಪಕ್ಕದಲ್ಲಿಯೇ ಅಂಥದೇ ಕಾಗದದಲ್ಲಿ ಕಟ್ಟಿದ ಸಾಸಿವೆ ಇತ್ತು. ಅಂದು ಮನೆಯಲ್ಲಿ ಒಗ್ಗರಣೆ ಹಾಕುವ ಹೊತ್ತಾಗಿತ್ತು. ಒಳಗೆ ಓಡಿದ ಆ ಹತ್ತು ಹೆಜ್ಜೆಗಳನ್ನು ನಾನು ಇಂದಿಗೂ ಮರೆತಿಲ್ಲ. ಯಾರಿಗೂ ಏನೂ ಆಗಲಿಲ್ಲ. ಮೂರನೆಯ ದಿನ ಅದೇ ನಿಂಬೆಗಿಡದಿಂದ ಎರಡು ಮಾರು ಆಚೆ ಇರುವೆಗಳು ಹೊಸ ಮಣ್ಣು ತೋಡಿ ಹಾಕಿದ್ದವು.

ಅಂಗಡಿಯಾತನನ್ನು ಬೈದು ನಾನು ಪಾರಾಗಲಾರೆ. ಅವನು ಮಾರಿದ, ನಾನು ಕೊಂಡೆ. ನಾಲ್ಕಕ್ಷರ ಕಲಿತವನಾಗಿ, ಪರಿಸರದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವನಾಗಿ ಕೊಂಡೆ. ಇದು ಹೇಗೆ ಸಾಧ್ಯವಾಯಿತೆಂದು ಯೋಚಿಸಿದಾಗ ನನಗೆ ಮೊದಲು ಕಂಡದ್ದು ನಮ್ಮ ಮಾತಿನ ದೋಷ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆಗೆ ವಿಷ ಸಿಂಪಡಿಸುವುದಕ್ಕೆ 'ಎಣ್ಣಿ ಹೊಡಿಯೂದು' ಎನ್ನುತ್ತಾರೆ. ಸ್ವಲ್ಪ ಓದಿದವರು 'ಔಷಧಿ' ಎನ್ನುತ್ತಾರೆ. ಕರಾವಳಿ, ಮಲೆನಾಡಿನ ಗೆಳೆಯರು 'ಮದ್ದು' ಎನ್ನುತ್ತಾರೆ. ಎಣ್ಣೆ ಒಗ್ಗರಣೆಗೂ ಬೇಕು, ದೀಪಕ್ಕೂ ಬೇಕು. ಔಷಧಿ ಜೀವ ಉಳಿಸುವಂಥದ್ದು. ವಿಷ ಎಂಬ ಎರಡಕ್ಷರದ ಮಾತನ್ನು ಆಡದೆ ಇರುವುದಕ್ಕಾಗಿ ಇಡೀ ನಾಡು ಇಷ್ಟೊಂದು ಸುತ್ತುಬಳಸು ಮಾಡಿದೆ. 'ಇರುವೆ ಔಷಧಿ' ಎಂದು ಕೇಳಿ ಪಡೆಯುವ ತಾಯಿಗೆ, ಅದನ್ನು ಕೆಮ್ಮಿನ ಔಷಧಿಯ ಪಕ್ಕದಲ್ಲಿಡಬಾರದೆಂದು ಹೇಗೆ ತಿಳಿಯಬೇಕು?

ಈ ಔಷಧಿಗಳ ಚರಿತ್ರೆಯನ್ನೊಮ್ಮೆ ನೋಡಿ. ನಮ್ಮ ಬಾಲ್ಯದಲ್ಲಿ ಇರುವೆ, ತಿಗಣೆ, ಜಿರಲೆ ಎಲ್ಲಕ್ಕೂ ಮನೆಮನೆಯಲ್ಲಿ ಗ್ಯಾಮಕ್ಸಿನ್ ಪುಡಿ ಇರುತ್ತಿತ್ತು. ಅದರ ಘಾಟು ವಾಸನೆಯನ್ನೇ ಶುಚಿತ್ವದ ವಾಸನೆಯೆಂದು ತಿಳಿದು ಬೆಳೆದವರು ನಾವು. ಬಿ.ಎಚ್.ಸಿ. ಎಂಬ ಆ ರಾಸಾಯನಿಕವನ್ನು ಭಾರತ ಸರ್ಕಾರ 1997ರಲ್ಲಿ ನಿಷೇಧಿಸಿತು. ಮಣ್ಣಿನ ಹುಳುಗಳಿಗೆಂದು ಬಳಸುತ್ತಿದ್ದ ಆಲ್ಡ್ರಿನ್ 1996ರಲ್ಲಿ ಹೋಯಿತು. ಬಿ.ಎಚ್.ಸಿ.ಯ ತಮ್ಮನಾದ ಲಿಂಡೇನ್ 2013ರವರೆಗೆ ಉಳಿದುಕೊಂಡಿತ್ತು. ಮೀಥೈಲ್ ಪ್ಯಾರಾಥಿಯಾನ್, ಕಾರ್ಬರಿಲ್‌ಗಳಿಗೆ 2018ರಲ್ಲಿ ನಿಷೇಧ ಬಂತು. ಭತ್ತದ ನಾಡಿನಲ್ಲಿ ಚಿರಪರಿಚಿತವಾಗಿದ್ದ ಫೋರೇಟ್ ಗುಳಿಗೆಗೆ 2020ರ ಡಿಸೆಂಬರ್ ಕೊನೆಗೆ ಬಾಗಿಲು ಹಾಕಿದರು. ಗೆದ್ದಲು ಬಾರದಿರಲೆಂದು ಮನೆಯ ತಳಪಾಯಕ್ಕೆ ಸುರಿಯುತ್ತ ಬಂದಿರುವ ಕ್ಲೋರ್‌ಪೈರಿಫಾಸನ್ನು, ಹಲವು ವಿನಾಯಿತಿಗಳೊಡನೆಯಾದರೂ, 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಲಾಯಿತು. ಇವುಗಳಲ್ಲಿ ಪ್ರತಿಯೊಂದನ್ನೂ ಅದರ ಕಾಲದಲ್ಲಿ 'ಹೇಳಿದಂತೆ ಬಳಸಿದರೆ ಅಪಾಯವಿಲ್ಲ' ಎಂದೇ ಮಾರಲಾಗಿತ್ತು. ಇಂದು ಅಂಗಡಿಯ ಕಪಾಟಿನಲ್ಲಿರುವ ಪುಡಿ, ಸೀಮೆಸುಣ್ಣ, ಸಿಂಪಡಿಕೆಗಳ ಬಗ್ಗೆ ಅದೇ ಮಾತನ್ನು ಅದೇ ಧಾಟಿಯಲ್ಲಿ ಕೇಳುತ್ತಿರುವಾಗ, ನಂಬದೆ ಇರುವುದಕ್ಕೆ ನಮಗೆ ಅರ್ಧ ಶತಮಾನದ ಕಾರಣಗಳಿವೆ.

ಕಾಸರಗೋಡಿನ ಕನ್ನಡ ಹಳ್ಳಿಗಳಿಗೆ ಈ ಪಾಠ ಬಹಳ ದುಬಾರಿಯಾಯಿತು. ಗೇರುತೋಟದ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆಯವರಂಥವರು ಎತ್ತಿದ ದನಿ ಸುಪ್ರೀಂ ಕೋರ್ಟಿನ 2011ರ ಮೇ 13ರ ತಡೆಯಾಜ್ಞೆಯಾಗಿ ಮೂಡಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಿತ್ತಿಲಿಗೂ ಹೆಲಿಕಾಪ್ಟರಿಗೂ ಹೋಲಿಕೆಯೇ ಎಂದು ಕೇಳಬಹುದು. ಪ್ರಮಾಣದಲ್ಲಿ ಹೋಲಿಕೆ ಇಲ್ಲ, ಒಪ್ಪುತ್ತೇನೆ. ಒಂದು ಹುಳುವಿಗಾಗಿ, ಅದರ ಸುತ್ತ ಉಸಿರಾಡುವ ಯಾವುದನ್ನೂ ಲೆಕ್ಕಿಸದಿರುವ ಬುದ್ಧಿ ಮಾತ್ರ ಎರಡೂ ಕಡೆ ಒಂದೇ.

ಹೋಗಲಿ, ಇಷ್ಟೆಲ್ಲ ಮಾಡಿ ಇರುವೆಯಾದರೂ ಹೋಗುತ್ತದೆಯೇ? ಹೋಗುವುದಿಲ್ಲ. ಗೋಡೆಯ ಮೇಲೆ ಕಾಣುವ ಸಾಲು ಗೂಡಿನ ಒಂದು ಸಣ್ಣ ಪಾಲು ಮಾತ್ರ, ಆಹಾರ ತರಲು ಹೊರಟ ಕೂಲಿಗಳು. ರಾಣಿಯೂ ಮರಿಗಳೂ ಉಳಿದ ಕೆಲಸಗಾರ ಇರುವೆಗಳೂ ಗೋಡೆಯೊಳಗೆ, ಮಣ್ಣಿನೊಳಗೆ ಇರುತ್ತವೆ. ಮುಂದೆ ಹೋದ ಇರುವೆ ನೆಲಕ್ಕೆ ಒತ್ತಿದ ವಾಸನೆಯ ಗೆರೆಯನ್ನು ಹಿಂದಿನದು ಹಿಡಿದು ನಡೆಯುತ್ತದೆ. ಸಾಲಿನ ಮೇಲೆ ವಿಷ ಹೊಡೆದರೆ ಕೂಲಿಗಳು ಸಾಯುತ್ತವೆ, ರಾಣಿ ಮತ್ತೆ ಮೊಟ್ಟೆ ಇಡುತ್ತಾಳೆ. ಅಡುಗೆಮನೆಗೆ ಬರುವ ಕೆಲವು ಸಣ್ಣ ಇರುವೆಗಳ ಗೂಡಿನಲ್ಲಿ ಹಲವು ರಾಣಿಯರಿರುತ್ತಾರೆ. ಅಂಥವು ಸಿಂಪಡಿಕೆಯಿಂದ ಬೆದರಿದರೆ ಗೂಡನ್ನೇ ಒಡೆದುಕೊಂಡು, ಒಬ್ಬೊಬ್ಬ ರಾಣಿಯೊಡನೆ ಒಂದೊಂದು ಮೂಲೆ ಸೇರುತ್ತವೆ. ಒಂದು ಗೂಡಿದ್ದ ಮನೆಯಲ್ಲಿ ನಾಲ್ಕಾಗುತ್ತವೆ. ಡಬ್ಬಿ ಮಾರುವವನಿಗೆ ಇದರಿಂದ ನಷ್ಟವೇನೂ ಇಲ್ಲವೆನ್ನಿ.

ಅಮೆರಿಕದ ಸರ್ಕಾರ ಈ ತಪ್ಪನ್ನು ಬಹಳ ದೊಡ್ಡದಾಗಿ ಮಾಡಿತು. ದಕ್ಷಿಣ ಅಮೆರಿಕದಿಂದ ಬಂದು ನೆಲೆಯೂರಿದ್ದ ಬೆಂಕಿ ಇರುವೆಯನ್ನು ನಿರ್ಮೂಲ ಮಾಡುವುದಾಗಿ 1957ರಲ್ಲಿ ಘೋಷಿಸಿ, ಅಲ್ಲಿನ ದಕ್ಷಿಣ ರಾಜ್ಯಗಳ ಮೇಲೆ ವಿಮಾನದಿಂದ ಹೆಪ್ಟಾಕ್ಲೋರ್, ಡೀಲ್ಡ್ರಿನ್‌ಗಳನ್ನು ಸುರಿಯಿತು. ಹಕ್ಕಿಗಳು ಸತ್ತವು, ಕಾಡುಪ್ರಾಣಿಗಳು ಸತ್ತವು, ದನಕರುಗಳೂ ಸತ್ತವು. ರೇಚಲ್ ಕಾರ್ಸನ್ 1962ರ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಕಾರ್ಯಾಚರಣೆಯನ್ನು ವಿವರವಾಗಿ ಬಯಲಿಗೆಳೆದರು. ಬೆಂಕಿ ಇರುವೆಗೆ ಪೈಪೋಟಿ ಕೊಡುತ್ತಿದ್ದ ನೆಲದ ಮೂಲ ಇರುವೆಗಳೂ ವಿಷಕ್ಕೆ ಬಲಿಯಾದ್ದರಿಂದ, ಖಾಲಿ ಬಿದ್ದ ನೆಲಕ್ಕೆ ಬೆಂಕಿ ಇರುವೆಯೇ ಮೊದಲು ಮರಳಿತು. ಇರುವೆಗಳ ಅಧ್ಯಯನಕ್ಕೆ ಜೀವಮಾನವನ್ನೇ ಕೊಟ್ಟ ವಿಜ್ಞಾನಿ ಇ.ಒ. ವಿಲ್ಸನ್ ಇದನ್ನು ವಿಯೆಟ್ನಾಂ ಯುದ್ಧಕ್ಕೆ ಹೋಲಿಸಿದ್ದರು. ಆ ಇರುವೆ ಇಂದಿಗೂ ಅಲ್ಲಿಯೇ ಇದೆ.

ಈಗ ನಮ್ಮ ನೆಲಕ್ಕೆ ಬರೋಣ. ಗಂಗಾವತಿಗೆ ತುಂಗಭದ್ರೆಯ ಕಾಲುವೆಯಿದೆ. ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಹೊಲಗಳಿಗೆ ಆಕಾಶವೇ ಗತಿ. ಬೀಳುವ ಅಷ್ಟಿಷ್ಟು ಮಳೆ ಒಂದೆರಡು ಅಡ್ಡಮಳೆಯಾಗಿ ರಪ್ಪನೆ ಸುರಿದು, ಹೆಪ್ಪುಗಟ್ಟಿದ ಮಸಾರಿ ನೆಲದ ಮೇಲೆ ಜಾರಿ ಹಳ್ಳ ಸೇರುತ್ತದೆ. ಅದನ್ನು ತಡೆಯಲೆಂದು ಬದು, ಕೃಷಿಹೊಂಡ, ಚೆಕ್‌ಡ್ಯಾಮ್ ಎಂದು ಸರ್ಕಾರ ಕೋಟಿಗಟ್ಟಲೆ ಸುರಿಯುತ್ತದೆ. ಇರುವೆಯೂ ಗೆದ್ದಲೂ ಮಣ್ಣಿನೊಳಗೆ ಕೊರೆಯುವ ಸಾವಿರಾರು ಕಿರುದಾರಿಗಳು ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತವೆಂಬುದನ್ನು ಯಾವ ಇಲಾಖೆಯ ಫಲಕವೂ ಹೇಳುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಒಣಭೂಮಿಯಲ್ಲಿ ಗೋಧಿಯ ಹೊಲಗಳನ್ನಿಟ್ಟುಕೊಂಡು ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ. ಇರುವೆ, ಗೆದ್ದಲುಗಳನ್ನು ಅವುಗಳ ಪಾಡಿಗೆ ಬಿಟ್ಟ ಕಡೆ, ವಿಷ ಹಾಕಿ ತೆಗೆದ ಕಡೆಗಿಂತ ಇಳುವರಿ ಶೇಕಡಾ 36ರಷ್ಟು ಹೆಚ್ಚು ಬಂದುದನ್ನು 2011ರಲ್ಲಿ ಪ್ರಕಟಿಸಿದರು. ಹೆಚ್ಚು ನೀರು ಮಣ್ಣಿಗಿಳಿದದ್ದು ಮತ್ತು ಸಾರಜನಕ ಹೆಚ್ಚಿದ್ದು ಕಾರಣವೆಂದು ಹೇಳಿದರು. ನಮ್ಮ ಸಜ್ಜೆ, ಜೋಳದ ಹೊಲಗಳಲ್ಲಿಯೂ ಅಷ್ಟೇ ಬರುತ್ತದೆಂದು ನಾನು ವಾದಿಸುವುದಿಲ್ಲ. ನಮ್ಮಲ್ಲಿ ಅಂಥ ಪ್ರಯೋಗ ಮಾಡಬೇಕಾದ ಕೃಷಿ ವಿಜ್ಞಾನ ಬಿತ್ತುವ ಮುಂಚೆಯೇ ಹುಡಿ ಹಾಕೆಂದು ಶಿಫಾರಸು ಮಾಡುತ್ತ ಬಂದಿತೆಂಬುದಷ್ಟೇ ನನ್ನ ತಕರಾರು.

ಇನ್ನು ನಮ್ಮ ಬಂಡೆಗುಡ್ಡಗಳ ಕರಡಿ. ಇರುವೆ ಮತ್ತು ಗೆದ್ದಲು ಅದರ ನಿತ್ಯದ ಆಹಾರ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲು ಇಲ್ಲದಿರುವುದೇ ಹುತ್ತದ ಬಾಯಿಗೆ ತುಟಿಯಿಟ್ಟು ಹುಳುಗಳನ್ನು ಹೀರಿಕೊಳ್ಳಲು ಅನುಕೂಲ. ಹೊಳೆಯಾಚೆ ಇವಕ್ಕೆಂದೇ 1994ರಲ್ಲಿ ದರೋಜಿ ಕರಡಿಧಾಮ ಆಯಿತು. ಈಚೆ ದಡದ ಕೊಪ್ಪಳ, ಗಂಗಾವತಿ ಗುಡ್ಡಗಳ ಕರಡಿಗೆ ಧಾಮವೂ ಇಲ್ಲ, ಈಗ ಹುತ್ತವೂ ಕಡಿಮೆ. ಬದುವಿನ ಹುತ್ತವನ್ನು ಅಗೆದು ವಿಷ ಸುರಿಯುವವರೇ, ಕರಡಿ ಶೇಂಗಾ ಹೊಲಕ್ಕೆ ಬಂತೆಂದು ಅರಣ್ಯ ಇಲಾಖೆಯ ಕಚೇರಿಯ ಮುಂದೆ ಕೂರುವುದನ್ನು ನೋಡಿದ್ದೇನೆ.

ಇಷ್ಟು ಹೇಳಿದ ಮಾತ್ರಕ್ಕೆ, ಇರುವೆಗೆ ಸಕ್ಕರೆ ಹಾಕಿ ಕೈಮುಗಿಯಿರೆಂದು ನಾನು ಬೋಧಿಸುತ್ತಿಲ್ಲ. ಕೊಪಣವೆಂದು ಜೈನರ ಮಹಾತೀರ್ಥವಾಗಿದ್ದ ಊರು ನಮ್ಮದು. ಇರುವೆಯ ಗೂಡಿಗೆ ಹಿಟ್ಟು ಉದುರಿಸುವ ಅಜ್ಜಿಯರನ್ನು ಕಂಡು ಬೆಳೆದಿದ್ದೇನೆ, ಅವರ ಮುಂದೆ ತಲೆಬಾಗುತ್ತೇನೆ. ಆದರೆ ನಮ್ಮ ಚಳವಳಿಯೊಳಗೇ ಕೆಲವರು, ನಗರದ ಮೂರನೆಯ ಮಹಡಿಯಲ್ಲಿ ಕುಳಿತು, ಇರುವೆ ಯಾರಿಗೂ ಏನೂ ಮಾಡದೆಂದು ಬರೆಯುತ್ತಾರೆ. ಅದು ಸುಳ್ಳು. ತೊಟ್ಟಿಲ ಕೂಸಿನ ಕಿವಿಗೆ ಇರುವೆ ಹೊಕ್ಕಾಗ ಏನಾಗುತ್ತದೆಂದು ಹೆತ್ತವರನ್ನು ಕೇಳಬೇಕು. ಬಿತ್ತಿದ ಎಳ್ಳು, ಸಜ್ಜೆಯನ್ನು ಹೊತ್ತೊಯ್ಯುವ ಇರುವೆಗಳಿವೆ. ನೆಲದೊಳಗೇ ಶೇಂಗಾ ಕಾಯಿಗೆ ತೂತು ಕೊರೆಯುವ ಜಾತಿಯೊಂದಿದೆ. ಕುಷ್ಟಗಿ, ಯಲಬುರ್ಗಾದ ದಾಳಿಂಬೆ ತೋಟಗಳಲ್ಲಿ ಹಿಟ್ಟುತಿಗಣೆ ಒಸರುವ ಸಿಹಿಯ ಆಸೆಗೆ ಇರುವೆಗಳು ಅದನ್ನು ದನ ಕಾಯುವಂತೆ ಕಾಯುತ್ತವೆ, ಅದನ್ನು ತಿನ್ನಬಂದ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಸಾಲ ಮಾಡಿ ದಾಳಿಂಬೆ ಹಾಕಿದವನಿಗೆ ಇರುವೆಯ ಗುಣಗಾನ ರುಚಿಸದು, ರುಚಿಸಬೇಕಾಗಿಯೂ ಇಲ್ಲ. ಭಾರತದಲ್ಲಿ 800ಕ್ಕೂ ಹೆಚ್ಚು ಬಗೆಯ ಇರುವೆಗಳು ದಾಖಲಾಗಿವೆ. ಅವುಗಳಲ್ಲಿ ನಮಗೆ ಕಾಟ ಕೊಡುವವು ಬೆರಳೆಣಿಕೆಯಷ್ಟು. ಅವನ್ನು ಹೊರಗಿಡುವ ಹಕ್ಕು ನಮಗಿದೆ. ಜಗಳವಿರುವುದು ಹೊರಗಿಡುವ ಬಗೆಯ ಮೇಲೆ.

ದಾಳಿಂಬೆಯದೇ ತೆಗೆದುಕೊಳ್ಳಿ. ಇರುವೆ ಗಿಡ ಹತ್ತುವ ದಾರಿ ಕಾಂಡವೊಂದೇ ಆಗಿರುವಂತೆ ನೆಲಕ್ಕೆ ತಾಗುವ ರೆಂಬೆಗಳನ್ನು ಸವರಬೇಕು, ಆಸರೆಕೋಲುಗಳನ್ನೂ ಮರೆಯಬಾರದು. ಕಾಂಡಕ್ಕೆ ಗಟ್ಟಿ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ಅಂಟು ಅಥವಾ ಗ್ರೀಸು ಬಳಿಯಬೇಕು. ತೊಗಟೆಗೆ ನೇರವಾಗಿ ಬಳಿದರೆ ಗಿಡಕ್ಕೆ ಪೆಟ್ಟು. ಧೂಳು ಕೂತು ಅಂಟು ಆರುತ್ತಲೇ ಹೊಸದಾಗಿ ಬಳಿಯಬೇಕು. ಕಾವಲುಗಾರರು ಮೇಲೇರದಿದ್ದರೆ ಹಿಟ್ಟುತಿಗಣೆಯನ್ನು ಅದರ ವೈರಿಗಳು ನೋಡಿಕೊಳ್ಳುತ್ತವೆ. ಮಲೆನಾಡಿನ ಗೆಳೆಯರು ಚಗಳಿಯ ಚಟ್ನಿ ತಿಂದವರು, ಅವರಿಗೆ ಇರುವೆಯ ಇನ್ನೊಂದು ಮುಖವನ್ನು ನಾನು ಹೇಳಿಕೊಡಬೇಕಾಗಿಲ್ಲ. ಎಲೆ ಹೊಲಿದು ಗೂಡು ಕಟ್ಟುವ ಅದೇ ಚಗಳಿಯ ಬಳಗದ ಇರುವೆಗಳನ್ನು ಕಿತ್ತಳೆ ತೋಟಕ್ಕೆ ಕಾವಲಿಡಲು ಚೀನಾದಲ್ಲಿ ಗೂಡುಸಮೇತ ಮಾರುತ್ತಿದ್ದರೆಂದು ಕ್ರಿ.ಶ. 304ರಷ್ಟು ಹಿಂದಿನ ಬರೆಹವಿದೆ.

ಮನೆಯೊಳಗಿನ ಉಪಾಯಗಳು ನಮ್ಮ ಹಿರಿಯರಿಗೆ ಗೊತ್ತಿದ್ದವು. ಹಾಲು, ಬೆಲ್ಲ ಇಡುವ ಕಪಾಟಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇರುತ್ತಿತ್ತು. ಸೊಳ್ಳೆ ಮೊಟ್ಟೆಯಿಡದಂತೆ ಆ ನೀರನ್ನು ವಾರಕ್ಕೆರಡು ಬಾರಿ ಚೆಲ್ಲಿ ತುಂಬಬೇಕು, ಇಷ್ಟೇ. ಜೋಳ ನೆಲದೊಳಗಿನ ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿರುತ್ತಿತ್ತು. ಇರುವೆಯ ಸಾಲು ಕಂಡರೆ, ಅವು ಬರುವ ಬಿರುಕನ್ನು ಮೊದಲು ಹುಡುಕಿ ಸುಣ್ಣದ ಗಾರೆಯಿಂದಲೋ ಸಿಮೆಂಟಿನಿಂದಲೋ ಮುಚ್ಚಬೇಕು. ಅವು ನಡೆದ ದಾರಿಯನ್ನು ಸಾಬೂನು ನೀರಿನಿಂದ ಒರೆಸಿದರೆ ವಾಸನೆಯ ಗೆರೆ ಅಳಿಯುತ್ತದೆ, ಹಿಂದೆ ಬಂದವು ದಿಕ್ಕು ತಪ್ಪುತ್ತವೆ. ಅರಿಶಿನ, ಒಲೆಯ ಬೂದಿ ಕೆಲಹೊತ್ತು ತಡೆಯುತ್ತವೆ, ಹೆಚ್ಚೇನೂ ನಿರೀಕ್ಷಿಸಬಾರದು. ಇದ್ಯಾವುದಕ್ಕೂ ಬಗ್ಗದಿದ್ದರೆ ಸಕ್ಕರೆಪಾಕಕ್ಕೆ ನೂರಕ್ಕೆ ಒಂದರಷ್ಟು ಬೋರಿಕ್ ಪುಡಿ ಬೆರೆಸಿಟ್ಟ ಆಮಿಷವನ್ನು ಇರುವೆಗಳೇ ಗೂಡಿಗೆ ಒಯ್ದು ರಾಣಿಗೂ ಉಣಿಸುತ್ತವೆ. ಅದಕ್ಕೆ ಒಂದೆರಡು ವಾರ ಕಾಯಬೇಕು. ಬೋರಿಕ್ ಪುಡಿಯೂ ಕೂಸುಗಳ ಹೊಟ್ಟೆಗೆ ಹೋಗಬಾರದ ವಸ್ತುವೇ ಎಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಳಕ್ಕೆ ಸಣ್ಣ ತೂತು ಮಾಡಿದ ಡಬ್ಬಿಯಲ್ಲಿ, ಕೈಗೆಟುಕದ ಕಡೆ ಇಡಬೇಕು.

ಇಲ್ಲಿ ನನ್ನನ್ನು ನನ್ನ ಹೆಂಡತಿ ಹಿಡಿದು ನಿಲ್ಲಿಸಿದಳು. "ಬರಿಯಾಕ ನೀವು, ಒರಸಾಕ ನಾವು ಏನ್ರಿ?" ಎಂದು ಕೇಳಿದಳು. ನ್ಯಾಯವಾದ ಮಾತು. ಬಿಳಿಯ ಪುಡಿ ಇಷ್ಟು ಬೇಗ ಹೊಸ್ತಿಲಿಗೆ ಬಂದದ್ದು ಹೆಣ್ಣುಮಕ್ಕಳ ಅಜ್ಞಾನದಿಂದಲ್ಲ, ಅವರಿಗೆ ಬಿಡುವಿಲ್ಲದ್ದರಿಂದ. ಹೊಲದ ಕೂಲಿ ಮುಗಿಸಿ ಬಂದು ರೊಟ್ಟಿ ಬಡಿಯುವವಳಿಗೆ, ದಿನಕ್ಕೆರಡು ಬಾರಿ ಗೋಡೆ ಒರೆಸೆಂದು ಹೇಳುವ ಪರಿಸರವಾದ ಗಂಡಸರ ಪರಿಸರವಾದ. ಮಣ್ಣಿನ ಗೋಡೆಯ, ಹಂಚು ಸರಿದ ಮನೆಗೆ ಬಿರುಕು ಮುಚ್ಚುವ ಉಪದೇಶವೂ ಅರ್ಧ ವ್ಯರ್ಥವೇ. ಆದ್ದರಿಂದ ಈ ವಾದವನ್ನು ಅಡುಗೆಮನೆಯಲ್ಲೇ ಬಿಟ್ಟರೆ ಸಾಲದು, ಸಂತೆಗೆ ಒಯ್ಯಬೇಕು. ಒರೆಸುವ ಬಟ್ಟೆಯನ್ನು ನಮ್ಮ ಮನೆಯಲ್ಲಿ ಈಗ ನಾನು ಹಿಡಿದಿದ್ದೇನೆ, ಅದು ಬೇರೆ ಮಾತು.

1968ರ ಕೀಟನಾಶಕ ಕಾಯ್ದೆಯಂತೆ ಪರವಾನಗಿ ಇಲ್ಲದೆ ಹೊಲದ ವಿಷವನ್ನು ಮಾರುವಂತಿಲ್ಲ. ಚೀಲ ಒಡೆದು ಕಾಗದದಲ್ಲಿ ಕಟ್ಟಿಕೊಡುವುದಂತೂ ಕಾನೂನಿಗೆ ವಿರುದ್ಧ. ಪ್ರತಿ ಪೊಟ್ಟಣದ ಮೇಲೂ ವಿಷದ ತೀವ್ರತೆಯನ್ನು ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಲ್ಲೊಂದು ಇರಬೇಕು. ಒಳಗಿನ ಚೀಟಿಯಲ್ಲಿ ವಿಷವೇರಿದಾಗ ಮಾಡಬೇಕಾದ ಉಪಚಾರ ಕನ್ನಡದಲ್ಲಿಯೂ ಇರಬೇಕು. ಕೆಂಪು ಎಲ್ಲಕ್ಕಿಂತ ಉಗ್ರವಾದದ್ದು. ಹಸಿರನ್ನು ಕಂಡು ನಿರಪಾಯವೆಂದು ಮೋಸಹೋಗಬೇಡಿ, ಅದು ವಿಷಗಳಲ್ಲಿ ಕಡಿಮೆ ವಿಷ ಅಷ್ಟೇ. ಇದನ್ನೆಲ್ಲ ನೋಡಿಕೊಳ್ಳುವ ಕೀಟನಾಶಕ ಪರಿವೀಕ್ಷಕರ ಅಧಿಕಾರ ಕೃಷಿ ಇಲಾಖೆಯ ಅಧಿಕಾರಿಗಳಿಗಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸಂತೆಗಳಿಗೆ ಹೋಗುವ ಗೆಳೆಯರು, ಬಿಡಿ ಗುಳಿಗೆ ಅಥವಾ ಪುಡಿ ಮಾರುವುದನ್ನು ಕಂಡಲ್ಲಿ ದಿನಾಂಕ, ಸಂತೆಯ ಹೆಸರು, ವಸ್ತುವಿನ ವಿವರ ಬರೆದುಕೊಳ್ಳಿ. ಬಡ ವ್ಯಾಪಾರಿಯೊಡನೆ ಜಗಳ ಬೇಡ, ಅವನಿಗೆ ಆ ಚೀಲ ಕೊಟ್ಟ ದೊಡ್ಡ ಅಂಗಡಿ ಯಾವುದೆಂದು ಕೇಳಿ. ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಬರೆಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ನಮ್ಮ ಬಳಗಕ್ಕೆ ಕಳಿಸಿ. ಮೃಗಶಿರಾ ಮಳೆ ಬಿದ್ದು ಬಿತ್ತನೆ ಶುರುವಾದರೆ ಗುಳಿಗೆಯ ಚೀಲಗಳು ಸಂತೆಗೆ ಬರುತ್ತವೆ. ಅದಕ್ಕೂ ಮುಂಚೆ ಈ ಕೆಲಸ ಆಗಬೇಕು.